ಉತ್ತತ್ತಿ ಹಾಕಿದ ದಿಲ್‌ಪಸಂದ್

ಬಾಗಲಗುಂಟೆಯ ಆಂಜಿನಪ್ಪನವರ ಕಟ್ಟಡದಲ್ಲಿ ಒಟ್ಟು ಒಂಬತ್ತು ಮನೆಗಳು, ಆದರೆ ಅಡುಗೆಯ ಒಲೆಗಳು ಹತ್ತು. ಆ ಹೆಚ್ಚಿನ ಒಂದು ಒಲೆ ಇದ್ದದ್ದು ಮೊದಲ ಮಹಡಿಯ ಮೂಲೆಮನೆಯಲ್ಲಿ, ಅಂದರೆ ಹುಲಿಗೆಮ್ಮನ ಮನೆಯಲ್ಲಿ.

ಅಡುಗೆಮನೆ ಎಂಬುದು ಹೆಸರಿಗೆ. ಒಬ್ಬರು ನಿಂತರೆ ಇನ್ನೊಬ್ಬರು ಗೋಡೆಗೆ ಒತ್ತಿಕೊಂಡು ಹೋಗಬೇಕು. ಅಲ್ಲಿಯ ಕಡಪ ಕಲ್ಲಿನ ಕಟ್ಟೆಯ ಬಲಗಡೆ ಹುಲಿಗೆಮ್ಮನ ಗ್ಯಾಸ್ ಒಲೆ, ಎಡಗಡೆ ಅವಳ ಅತ್ತೆ ಬಸಕ್ಕನ ಸೀಮೆಎಣ್ಣೆ ಸ್ಟೋವ್. ನಡುವೆ ಒಂದು ಗೇಣು ಖಾಲಿ ಜಾಗ. ಆ ಗೇಣಿನಲ್ಲಿ ಎರಡು ವರ್ಷದಿಂದ ಯಾರೂ ಒಂದು ಚಮಚವನ್ನೂ ಇಟ್ಟಿರಲಿಲ್ಲ.

ಬಸಕ್ಕ ಕೊಪ್ಪಳದ ಕಡೆಯ ಹಳ್ಳಿಯವಳು. ಗಂಡ ತೀರಿಕೊಂಡ ಮೇಲೆ ಹಿರಿಯ ಮಗನ ಜೊತೆ ಸರಿಬೀಳದೆ ಕಿರಿಯ ಮಗ ಈಶಪ್ಪನ ಮನೆಗೆ ಬಂದಳು. ಬರುವಾಗ ಟ್ರಂಕಿನ ಜೊತೆಗೆ ಆ ಸ್ಟೋವ್, ತಾಮ್ರದ ಕೊಡ, ಕುಟ್ಟುವ ಕಲ್ಲು ಎಲ್ಲವನ್ನೂ ಹೊತ್ತುಕೊಂಡೇ ಬಂದಳು. ಸೊಸೆಯೂ ಅದೇ ಸೀಮೆಯವಳೇ, ಆದರೆ ಊರ ಹೊರಗಿನ ಕೇರಿಯವಳು. ಈಶಪ್ಪ ಅವಳನ್ನು ಕಂಡದ್ದು ಪೀಣ್ಯದ ಗಾರ್ಮೆಂಟ್ಸ್ ಗೇಟಿನಲ್ಲಿ, ಮದುವೆಯಾದದ್ದು ರಿಜಿಸ್ಟ್ರಾರ್ ಕಚೇರಿಯಲ್ಲಿ. ಎರಡೂ ಮನೆಯವರು ಆ ಕಡೆ ತಲೆ ಹಾಕಿರಲಿಲ್ಲ.

ಬಂದ ದಿನವೇ ಬಸಕ್ಕ ಮುಚ್ಚುಮರೆಯಿಲ್ಲದೆ ಹೇಳಿದ್ದಳು. “ನಿನ್ನ ಮ್ಯಾಲ ನನಗೇನೂ ಸಿಟ್ಟಿಲ್ಲವ್ವ. ಆದ್ರ ನನ್ನ ಒಲಿ ನನಗ, ನಿನ್ನ ಒಲಿ ನಿನಗ.”

ಕೆಟ್ಟ ಹೆಂಗಸೇನಲ್ಲ ಬಸಕ್ಕ. ಸೊಸೆಗೆ ಒಂದು ದಿನವೂ ಬೈದವಳಲ್ಲ. ಆದರೆ ಅವಳ ಕೈಯಿಂದ ಒಂದು ಲೋಟ ನೀರನ್ನೂ ಕುಡಿದವಳಲ್ಲ. ಬೈದಿದ್ದರಾದರೂ ತಿರುಗಿ ಒಂದು ಮಾತು ಆಡಬಹುದಿತ್ತು ಎಂದು ಹುಲಿಗೆಮ್ಮನಿಗೆ ಎಷ್ಟೋ ಸಲ ಅನ್ನಿಸುತ್ತಿತ್ತು.

ಈ ಏರ್ಪಾಡಿನಲ್ಲಿ ಸುಖವಾಗಿದ್ದವನೆಂದರೆ ಈಶಪ್ಪನೊಬ್ಬನೇ. ಅವನು ಎರಡೂ ಒಲೆಯಲ್ಲಿ ಉಣ್ಣುತ್ತಿದ್ದ. ಅವ್ವನ ಒಲೆಯ ಎರಡು ರೊಟ್ಟಿ, ಹೆಂಡತಿಯ ಒಲೆಯ ಎರಡು ರೊಟ್ಟಿ, ಅಲ್ಲಿಯ ಪಲ್ಯ, ಇಲ್ಲಿಯ ಸಾರು. ಯಾರಿಗೂ ಬೇಜಾರಾಗಬಾರದೆಂದು ಉಂಡು ಉಂಡು ಮೂವತ್ತಕ್ಕೇ ಹೊಟ್ಟೆ ಬಂದಿತ್ತು.

ಹುಲಿಗೆಮ್ಮನಿಗೆ ಐದು ತಿಂಗಳು ತುಂಬಿದಾಗ ಗಾರ್ಮೆಂಟ್ಸ್ ಕೆಲಸ ಬಿಡಬೇಕಾಯಿತು. ಚೆಕ್ಕಿಂಗ್ ಟೇಬಲ್ಲಿನ ಮುಂದೆ ದಿನವಿಡೀ ನಿಂತು ಕಾಲು ಊದಿಕೊಳ್ಳುತ್ತಿತ್ತು. ಊಟದ ಬೆಲ್ಲು ಹೊಡೆದರೆ ಆರು ಜನ ಹೆಂಗಸರ ಡಬ್ಬಿಗಳು ಒಟ್ಟಿಗೆ ತೆರೆದುಕೊಂಡು, ಯಾರ ಚಿತ್ರಾನ್ನ ಯಾರ ಬಾಯಿಗೆ ಹೋಯಿತೆಂದು ಗೊತ್ತಾಗದಂತೆ ತಿಂದು ರೂಢಿಯಾದವಳು ಅವಳು. ಈಗ ಗಂಡ ಎಂಟಕ್ಕೆ ಪೀಣ್ಯಕ್ಕೆ ಹೋದರೆ, ಮಧ್ಯಾಹ್ನ ತನ್ನ ತಟ್ಟೆ ಹಿಡಿದು ಗ್ಯಾಸ್ ಸಿಲಿಂಡರಿನ ಪಕ್ಕ ಕುಳಿತು ಒಬ್ಬಳೇ ಉಣ್ಣುತ್ತಿದ್ದಳು. ಬಸಕ್ಕ ಹೊರಗಿನ ಕೋಣೆಯಲ್ಲಿ ಗೋಡೆಗೆ ಮುಖಮಾಡಿ ಉಣ್ಣುತ್ತಿದ್ದಳು. ನಡುವೆ ಬಾಗಿಲಿಲ್ಲದ ಒಂದು ಚೌಕಟ್ಟು. ಅಗಿಯುವ ಸದ್ದು ಕೂಡ ಇಬ್ಬರಿಗೂ ಕೇಳುತ್ತಿತ್ತು. ತವರಿಗೆ ಫೋನ್ ಮಾಡಿದರೆ ಅವ್ವ ಎರಡು ಮಾತಾಡಿ, “ನಿಮ್ಮಪ್ಪ ಬಂದ, ಇಡ್ತೀನಿ” ಅನ್ನುತ್ತಿದ್ದಳು.

ಸಂಜೆ ಐದಾದರೆ ಬಸಕ್ಕ ಸೆರಗು ಹೊದ್ದುಕೊಂಡು ಮೂಲೆಯ ಬೇಕರಿಗೆ ಹೊರಡುವಳು. ಅಲ್ಲಿಂದ ಒಂದು ತುಂಡು ದಿಲ್‌ಪಸಂದ್ ಪೇಪರಿನಲ್ಲಿ ಕಟ್ಟಿಸಿಕೊಂಡು ಬರುವಳು. ಎರಡು ಪದರ ಹಿಟ್ಟಿನ ನಡುವೆ ಕೊಬ್ಬರಿ, ಸಕ್ಕರೆ, ಕೆಂಪು ಹಸಿರು ಟೂಟಿಫ್ರೂಟಿ ತುಂಬಿ ಬೇಯಿಸಿದ ಆ ತಿಂಡಿ ಅಂದರೆ ಅವಳಿಗೆ ಪ್ರಾಣ. ಬೆಂಗಳೂರಿನಲ್ಲಿ ತನಗೆ ಸೇರಿದ್ದು ಇದೊಂದೇ ಎಂದು ಬಾಯಿಬಿಟ್ಟು ಹೇಳುತ್ತಿದ್ದಳು. ತನ್ನ ಸ್ಟೋವಿನ ಚಹಾದಲ್ಲಿ ಅದ್ದಿಕೊಂಡು, ಹೊಸ್ತಿಲ ಮೇಲೆ ಕುಳಿತು, ಉದುರಿದ ಪುಡಿಯನ್ನೂ ಬಿಡದೆ ತಿನ್ನುವಳು.

ಸೆಪ್ಟೆಂಬರಿನ ಒಂದು ಸಂಜೆ ಹುಲಿಗೆಮ್ಮನಿಗೆ ತಡೆಯಲಾಗಲಿಲ್ಲ.

“ಅತ್ತಿ, ಒಂದು ಮಾತು ಕೇಳಲೇನ್ರಿ?”

“ಕೇಳು.”

“ಬೇಕರಿಯಾಗ ಈ ಹಿಟ್ಟು ನಾದಿದಾಂವ ಯಾರಂತ ಗೊತ್ತೇನ್ರಿ ನಿಮಗ?”

“ಅದ್ಯಾಕ ಬೇಕವ್ವ ನನಗ?”

“ಅಲ್ರೀ, ಅಂವ ಯಾವ ಓಣಿಯಾಂವೋ, ಯಾವ ಮಂದಿಯೋ. ನಮ್ಮ ಕೇರಿಯಾಂವ ಇದ್ರೂ ಇರಬಹುದಲ್ರಿ.”

ಬಸಕ್ಕ ತುಂಡನ್ನು ಚಹಾದಲ್ಲಿ ಅದ್ದಿ ಬಾಯಿಗಿಟ್ಟುಕೊಂಡಳು. ನುಂಗಿದ ಮೇಲೆ ಸಮಾಧಾನದಿಂದ ಹೇಳಿದಳು. “ಬೇಕರಿ ಬೆಂಕಿ ಅಂದ್ರ ಸಾಮಾನ್ಯೇನು? ಕುಲುಮಿ ಇದ್ದಂಗ. ಅದರೊಳಗ ಹೊಕ್ಕು ಬಂದ ಮ್ಯಾಲ ಯಾರ ಕೈಯಿಂದು ಏನು ಉಳೀತೈತಿ? ಎಲ್ಲಾ ಸುಟ್ಟು ಹೋಗತೈತಿ.”

“ಹಂಗಾರ ನನ್ನ ರೊಟ್ಟಿ? ಅದೂ ಬೆಂಕಿ ಮ್ಯಾಲ ಸುಟ್ಟಿದ್ದ ಅಲ್ಲೇನ್ರಿ?”

“ರೊಟ್ಟಿಗೆ ನೀರು ಹಚ್ಚತಾರ. ಸುಮ್ನ ವಾದ ಹಾಕಬ್ಯಾಡ.”

ಆಗತಾನೆ ಕೆಲಸದಿಂದ ಬಂದಿದ್ದ ಈಶಪ್ಪ ಇಷ್ಟನ್ನು ಕೇಳಿಸಿಕೊಂಡು, ಕೈಕಾಲು ತೊಳೆಯುತ್ತೇನೆಂದು ಬಚ್ಚಲಿಗೆ ಹೋದವನು ಅರ್ಧ ಗಂಟೆ ಹೊರಗೆ ಬರಲಿಲ್ಲ.

ಆದರೆ ಆ ಬೆಂಕಿಯ ಮಾತು ಹುಲಿಗೆಮ್ಮನ ತಲೆಯಲ್ಲಿ ಕುಳಿತುಬಿಟ್ಟಿತು. ಯಾಕೆಂದರೆ ಈಶಪ್ಪ ಫಿಟ್ಟರ್ ಆಗಿದ್ದದ್ದು ಬೇಕರಿಗಳಿಗೆ ಒಲೆ ಮಾಡಿಕೊಡುವ ಒಂದು ಸಣ್ಣ ವರ್ಕ್‌ಶಾಪಿನಲ್ಲಿ. ದೀಪಾವಳಿ, ಕ್ರಿಸ್ಮಸ್ಸಿನ ಹಂಗಾಮಿನಲ್ಲಿ ವಾರಕ್ಕೊಂದು ಒಲೆ ಅಲ್ಲಿಂದ ಲಾರಿ ಹತ್ತುತ್ತಿತ್ತು. ಕಳಿಸುವ ಮುಂಚೆ ಒಲೆಯನ್ನು ಕಾಯಿಸಿ, ಎಲ್ಲ ಮೂಲೆಯೂ ಸಮನಾಗಿ ಬೇಯಿಸುತ್ತದೆಯೋ ಇಲ್ಲವೋ ನೋಡಬೇಕು. ಅದಕ್ಕೆ ಏನಾದರೂ ಒಳಗಿಡಲೇಬೇಕು. ಮೇಸ್ತ್ರಿ ಮುನಿಯಣ್ಣ ಮನೆಯಿಂದ ಗೆಣಸು ತಂದು ಸುಟ್ಟುಕೊಳ್ಳುತ್ತಿದ್ದ.

“ನಿಮ್ಮವ್ವ ಹೇಳೋ ಬೆಂಕಿ ನಿಮ್ಮ ವರ್ಕ್‌ಶಾಪಿನಾಗ ಐತಲ್ರಿ,” ಎಂದಳು ಹುಲಿಗೆಮ್ಮ. “ನಾ ದಿಲ್‌ಪಸಂದ್ ಮಾಡಿ ಕೊಡ್ತೀನಿ, ನೀವು ಬೇಸ್ಕೊಂಡು ಬರ್ರಿ. ಆಮ್ಯಾಲ ಏನಂತಾಳ ನೋಡೂಣು.”

ಈಶಪ್ಪ ತಲೆ ಕೆರೆದುಕೊಂಡ. “ನಿನಗ ಮಾಡಾಕ ಬರತೈತೇನು?”

“ಕರ್ಚಿಕಾಯಿ ಮಾಡಾಕ ಬರತೈತಿ. ಅದರ ಅಕ್ಕನ ಮಗಳು ಇದು.”

ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಸಕ್ಕ ಕೆಳಗೆ ಮನೆಯೊಡತಿ ಲಕ್ಷ್ಮಮ್ಮನವರ ಟಿವಿಯ ಮುಂದೆ ಇರುತ್ತಿದ್ದಳು. ಶುಕ್ರವಾರದ ಆ ಎರಡು ತಾಸಿನಲ್ಲಿ ಹುಲಿಗೆಮ್ಮ ಹೂರಣ ಸಿದ್ಧ ಮಾಡಿದಳು. ಟೂಟಿಫ್ರೂಟಿ ಅವಳ ಮನಸ್ಸಿಗೆ ಬರಲಿಲ್ಲ. ಅದರ ಬದಲು ಬಾಣಂತಿಯರಿಗೆ ಅಂಟಿನುಂಡೆ ಕಟ್ಟುವಾಗ ಹಾಕುವ ಸಾಮಾನುಗಳನ್ನೇ ತೆಗೆದುಕೊಂಡಳು. ಒಣಕೊಬ್ಬರಿ ತುರಿದಳು, ಶೇಂಗಾ ಹುರಿದು ಒಡೆದಳು, ದ್ರಾಕ್ಷಿ, ಗೋಡಂಬಿ ಚೂರು, ಗಸಗಸೆ, ಬೆಲ್ಲ ಸೇರಿಸಿದಳು. ಉತ್ತತ್ತಿ ಮಾತ್ರ ಕಲ್ಲಿನಂತಿತ್ತು. ಅತ್ತೆಯ ಕುಟ್ಟುವ ಕಲ್ಲು ಕೈಯಳತೆಯಲ್ಲೇ ಇತ್ತು, ಆದರೆ ಅದನ್ನು ಮುಟ್ಟುವಂತಿರಲಿಲ್ಲ. ನೆಲದ ಮೇಲೆ ಗೋಣಿ ಹಾಸಿ, ಬಟ್ಟೆಯಲ್ಲಿ ಕಟ್ಟಿ ಸುತ್ತಿಗೆಯಿಂದ ಕುಟ್ಟಿದಳು. ಶನಿವಾರ ಬೆಳಿಗ್ಗೆ ಬಸಕ್ಕ ಕಣ್ಣುಮುಚ್ಚಿ ಪೂಜೆಗೆ ಕುಳಿತ ಹೊತ್ತಿನಲ್ಲಿ ಮೈದಾ ಹಿಟ್ಟಿಗೆ ವನಸ್ಪತಿ ಉಜ್ಜಿ, ನಾದಿ, ಲಟ್ಟಿಸಿ, ಹೂರಣ ತುಂಬಿ ಮುಚ್ಚಿ, ಅಂಚನ್ನು ಕರ್ಚಿಕಾಯಿಯ ಹಾಗೆ ಮಡಚಿ, ತಟ್ಟೆಗೆ ಟವೆಲ್ ಸುತ್ತಿ ಗಂಡನ ಕೈಗೆ ಕೊಟ್ಟಳು.

ಮೊದಲ ಸಲದ್ದು ಕೆಟ್ಟುಹೋಯಿತು. ಈಶಪ್ಪ ಉತ್ಸಾಹ ತಡೆಯಲಾರದೆ ಹೊಸ ಒಲೆ ಹೊತ್ತಿಸಿದ ಕೂಡಲೇ ತಟ್ಟೆ ಒಳಗಿಟ್ಟಿದ್ದ. ತಗಡಿನ ಎಣ್ಣೆ, ಹೊಸ ಬಣ್ಣ ಎಲ್ಲ ಹೊಗೆಯಾಗಿ ದಿಲ್‌ಪಸಂದಿಗೆ ಹತ್ತಿಕೊಂಡಿತು.

“ಏನ್ಲಾ ಇದು, ಪೇಂಟ್ ಅಂಗಡಿ ವಾಸ್ನೆ!” ಎಂದು ಮುನಿಯಣ್ಣ ಮೂಗು ಮುಚ್ಚಿಕೊಂಡ. “ಇಷ್ಟ್ ವರ್ಸ ಒಲೆ ಮಾಡಿದೀಯ, ಅಷ್ಟೂ ಗೊತ್ತಿಲ್ವಾ? ಮೊದ್ಲನೇ ಕಾವು ಒಲೇಗೇ ಬಿಡ್ಬೇಕು ಕಣಯ್ಯ. ನಾಕ್ ಗಂಟೆ ಬರೀ ಒಲೆ ಉರೀಲಿ, ತಣ್ಣಗಾಗ್ಲಿ. ಎರಡನೇ ಕಾವಲ್ಲಿ ಇಡು. ನನ್ ಗೆಣ್ಸ್ ಯಾವತ್ತಾದ್ರೂ ಇಂಗ್ ನಾತ ಒಡ್ದಿತ್ತಾ?”

ಮುಂದಿನ ಶನಿವಾರ ಎರಡನೇ ಕಾವಿನಲ್ಲಿ ಇಟ್ಟ. ಬೆಂದದ್ದನ್ನು ನೋಡಿ ಮುನಿಯಣ್ಣನೇ ಬೆರಗಾದ. ಒಂದು ತುಂಡು ಬಾಯಿಗೆ ಹಾಕಿಕೊಂಡು, ಇನ್ನೊಂದನ್ನು ಮೊಮ್ಮಗಳಿಗೆಂದು ಕಿಸೆಗೆ ಸೇರಿಸಿದ.

ಸಂಜೆ ಮನೆಯಲ್ಲಿ ಹುಲಿಗೆಮ್ಮ ತಲೆ ಬಾಚಿಕೊಂಡು ಕಾಯುತ್ತಿದ್ದಳು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ನಾಲ್ಕು ಸಲ ಆಡಿ ನೋಡಿದ್ದಳು. ‘ಅತ್ತಿ, ಇದು ನಾ ಮಾಡಿದ್ದು, ಕುಲುಮಿಯಂಥಾ ಬೆಂಕಿಯೊಳಗ ಬೆಂದೈತಿ, ಈಗ ತಿನ್ನಾಕ ಅಡ್ಡಿಯಿಲ್ಲಲ್ರಿ?’ ಇಷ್ಟೇ. ಆದರೆ ಈಶಪ್ಪ ಒಳಗೆ ಬಂದಾಗ ಅವನ ಕೈಯಲ್ಲಿ ಅವಳ ತಟ್ಟೆ ಇರಲಿಲ್ಲ. ಯಾವುದೋ ಬೇಕರಿಯ ರಟ್ಟಿನ ಡಬ್ಬಿ ಇತ್ತು, ಮೇಲೆ ಕೆಂಪು ದಾರ ಬೇರೆ ಕಟ್ಟಿಸಿದ್ದ.

“ಅವ್ವಾ, ಪೀಣ್ಯದಾಗ ಹೊಸಾ ಬೇಕರಿ ತೆಗದಾರ. ನಿನ್ನ ದಿಲ್‌ಪಸಂದ್ ತಂದೀನಿ ನೋಡು,” ಎಂದ, ಹೆಂಡತಿಯ ಕಡೆ ನೋಡದೆ.

ಹುಲಿಗೆಮ್ಮ ಅಡುಗೆಮನೆಯ ಕಡೆ ಸರಿದು ನಿಂತಳು.

ಬಸಕ್ಕ ಒಂದು ತುಂಡು ಮುರಿದು ಚಹಾದಲ್ಲಿ ಅದ್ದದೆ ಹಾಗೇ ಬಾಯಿಗಿಟ್ಟಳು. ನಿಧಾನವಾಗಿ ಅಗಿದಳು. “ಬೇಕರಿಯಾಂವ ಉತ್ತತ್ತಿ ಹಾಕ್ಯಾನ?” ಎಂದಳು. ಒಂದು ಗಳಿಗೆ ಅಡುಗೆಮನೆಯ ಚೌಕಟ್ಟಿನಲ್ಲಿ ನಿಂತ ಸೊಸೆಯ ಕಡೆ ನೋಡಿ, ಮತ್ತೆ ಡಬ್ಬಿಯ ಕಡೆ ನೋಡಿದಳು. ಇನ್ನೊಂದು ತುಂಡು ತೆಗೆದುಕೊಂಡಳು.

ಆ ಸಂಜೆ ಬಸಕ್ಕನಿಗೆ ಮಾತು ಬಂತು. ಎರಡು ವರ್ಷ ಎಲ್ಲಿ ಬಚ್ಚಿಟ್ಟುಕೊಂಡಿದ್ದಳೋ ಏನೋ, ತನ್ನ ಮೊದಲ ಬಾಣಂತನ, ಅವ್ವ ಅಂಟಿನುಂಡೆ ಕಟ್ಟಿದ್ದು, ಗಂಡ ಕದ್ದು ತಿಂದು ಸಿಕ್ಕಿಬಿದ್ದದ್ದು, ಎಲ್ಲ ಹೇಳಿಕೊಂಡು ನಕ್ಕಳು. ಹುಲಿಗೆಮ್ಮನೂ ನಕ್ಕಳು. ಕೊನೆಗೆ ಬಸಕ್ಕ ಡಬ್ಬಿಯಿಂದ ಒಂದು ತುಂಡು ತೆಗೆದು ಅವಳ ಅಂಗೈಯಲ್ಲಿಟ್ಟಳು.

“ತಗೋ, ನೀನೂ ತಿನ್ನು. ಎರಡು ಜೀವದಾಕಿ.”

ಎರಡು ವರ್ಷದಲ್ಲಿ ಅತ್ತೆಯ ಬೆರಳು ಅವಳ ಕೈಗೆ ತಾಗಿದ್ದು ಅದೇ ಮೊದಲು. ತಾನು ಮಾಡಿದ್ದನ್ನು ತಾನೇ ದಾನವಾಗಿ ಪಡೆದುಕೊಂಡು ಹುಲಿಗೆಮ್ಮ ತಿಂದಳು.

ಹೀಗೆ ಶನಿವಾರಕ್ಕೊಂದು ಡಬ್ಬಿ ಬರತೊಡಗಿತು. ಬಸಕ್ಕ ಮೂಲೆಯ ಬೇಕರಿಗೆ ಹೋಗುವುದನ್ನೇ ಬಿಟ್ಟಳು.

ದೀಪಾವಳಿ ಅಮಾವಾಸ್ಯೆಯ ದಿನ ಹಿರಿಯರಿಗೆ ಎಡೆ ಇಡಬೇಕು. ಬಸಕ್ಕ ತನ್ನ ಸ್ಟೋವಿನಲ್ಲಿ ಹೋಳಿಗೆ ಮಾಡಿ, ಗಂಡನ ಫೋಟೋದ ಮುಂದೆ ಬಾಳೆಎಲೆ ಹಾಕಿ ಬಡಿಸಿದಳು. ಆಮೇಲೆ ಎದ್ದು ಹೋಗಿ ರಟ್ಟಿನ ಡಬ್ಬಿ ತಂದು, ಎರಡು ತುಂಡು ದಿಲ್‌ಪಸಂದನ್ನೂ ಎಲೆಯ ತುದಿಗೆ ಇಟ್ಟಳು. “ಅವರಿಗೆ ಉತ್ತತ್ತಿ ಅಂದ್ರ ಜೀವ,” ಎಂದಳು.

ಹುಲಿಗೆಮ್ಮ ಒಗೆದ ಬಟ್ಟೆಯ ಬಕೆಟ್ಟು ಎತ್ತಿಕೊಂಡು, ಗಂಡನಿಗೆ ಕಣ್ಣಲ್ಲೇ ಬಾ ಎಂದು ತಾರಸಿಗೆ ಹೋದಳು.

“ಇವತ್ತ ಹೇಳಿಬಿಡೂಣು.”

“ಹುಚ್ಚಿ ಏನು ನೀ? ಹಬ್ಬದ ದಿನಾ?” ಈಶಪ್ಪ ಮೆಟ್ಟಿಲ ಕಡೆ ನೋಡಿ ದನಿ ತಗ್ಗಿಸಿದ. “ಕೂಸು ಹುಟ್ಟಲಿ. ಕೂಸಿನ ಮಾರಿ ನೋಡಿದ್ರ ಅವ್ವ ತಾನ ಕರಗತಾಳ.”

“ಕೂಸು ಹುಟ್ಟಿ ಮಾತು ಕಲ್ತು ಕೇಳತೈತಿ. ಯವ್ವಾ, ಆಯಿ ಯಾಕ ನಿನ್ನ ಕೈಯಾಗಿಂದು ಉಣ್ಣೂದಿಲ್ಲ ಅಂತ. ಏನ್ ಹೇಳ್ಲಿ? ಅದು ಯಾವ ಒಲಿ ಅನ್ನ ಉಣ್ಣಬೇಕು?”

“ಎರಡೂ ಉಣ್ಣಲಿ. ನಾ ಉಣ್ಣಂಗಿಲ್ಲೇನು?”

“ನಿಮಗ ಹೊಟ್ಟಿ ಒಂದ ಐತಿ, ಮತ್ತೇನೂ ಇಲ್ಲ,” ಎಂದಳು ಹುಲಿಗೆಮ್ಮ. ಹಸಿ ಸೀರೆಯನ್ನು ತಂತಿಯ ಮೇಲೆ ಎಳೆದು ಹಾಕಿದ ರಭಸಕ್ಕೆ ಎರಡು ಕ್ಲಿಪ್ಪು ಕೆಳಗೆ ಬಿದ್ದವು. “ನನಗೊಂದು ಹೆಸರೈತ್ರಿ. ಅದನ್ನ ತಗದು ಬೇಕರಿ ಅಂತ ಇಟ್ಟೀರಿ ನೀವು.”

ಈಶಪ್ಪ ಕ್ಲಿಪ್ಪುಗಳನ್ನು ಆರಿಸಿಕೊಟ್ಟು ಕೆಳಗೆ ಹೋದ. ಹೆಂಡತಿಯ ಹೋಳಿಗೆ ಇನ್ನೂ ಬಾಕಿಯಿತ್ತು, ಅದನ್ನೂ ಉಂಡ.

ಪಾಡ್ಯದ ದಿನ ಲಕ್ಷ್ಮಮ್ಮ ಸ್ಟೀಲಿನ ತಟ್ಟೆಯಲ್ಲಿ ಕಜ್ಜಾಯ ಇಟ್ಟುಕೊಂಡು ಮೇಲೆ ಬಂದರು. ಒಂದು ಕಾಲಕ್ಕೆ ಇದೇ ಜಾಗದಲ್ಲಿ ರಾಗಿ ಬೆಳೆದು, ಈಗ ಬಾಡಿಗೆ ಬೆಳೆಯುವ ಮನೆತನದ ಹೆಂಗಸು. ಬಾಯಿ ಮಾತ್ರ ಹೊಲದಲ್ಲಿದ್ದಷ್ಟೇ ದೊಡ್ಡದು.

“ತಗೋ ಬಸಕ್ಕ, ಬಿಸಿಬಿಸಿ ಕಜ್ಜಾಯ. ಅಲ್ಲಾ ಕಣೆ ಹುಲಿಗೆಮ್ಮ, ಒಂದ್ ಮಾತ್ ಕೇಳ್ಬೇಕು ಅಂತಿದ್ದೆ. ಸುಕ್ರವಾರ ಸುಕ್ರವಾರ ಮದ್ಯಾನ್ನ ನಿಮ್ಮತ್ತೆ ನಮ್ ಟಿವಿ ಮುಂದೆ ಕುಂತಿರ್ತಾಳೆ, ಮೇಲಿಂದ ದಡ್ ದಡ್ ಅಂತ ಸದ್ದು. ಅದೇನೇ ಕುಟ್ತೀಯ ಅಂಗೆ? ನಮ್ ಸೀಲಿಂಗ್ ಬಿದ್ದೋಯ್ತದೆ ಅಂತ ನಮ್ಮನೆಯವ್ರು ಗೊಣಗ್ತಾವ್ರೆ.”

ಹುಲಿಗೆಮ್ಮ ಬಾಯಿ ತೆರೆಯುವ ಮೊದಲೇ ಬಸಕ್ಕ ಹೇಳಿದಳು. “ಖಾರ ಕುಟ್ಟತಾಳ್ರಿ. ನಮ್ಮ ಕಡೆ ಖಾರ ಹೆಚ್ಚು ನೋಡ್ರಿ.”

“ವಾರಾ ವಾರಾ ಕಾರ ಕುಟ್ತಾಳಾ? ಬಸುರಿ ಎಂಗ್ಸು, ಅಷ್ಟೊಂದ್ ಕಾರ ತಿನ್ಬಾರ್ದು ಕಣವ್ವ,” ಎಂದು ಲಕ್ಷ್ಮಮ್ಮ ತಟ್ಟೆಗೆ ಕೈಚಾಚಿದರು.

ಬಸಕ್ಕ ಕಜ್ಜಾಯವನ್ನು ಬೇರೆ ಪಾತ್ರೆಗೆ ಬಗ್ಗಿಸಿಕೊಂಡು, ತಟ್ಟೆಗೆ ಎರಡು ಹೋಳಿಗೆ ಹಾಕಿ ಕೊಟ್ಟಳು. “ಕೊಟ್ಟ ಮನೀಗೆ ಖಾಲಿ ತಟ್ಟಿ ಕಳಸಬಾರದ್ರಿ,” ಎಂದಳು. ಆ ವಿಷಯದಲ್ಲಿ ಬಸಕ್ಕ ಬಲು ಕಟ್ಟುನಿಟ್ಟು.

ಲಕ್ಷ್ಮಮ್ಮ ಮೆಟ್ಟಿಲಿಳಿದ ಸದ್ದು ನಿಂತ ಮೇಲೆ ಬಸಕ್ಕ ಕಜ್ಜಾಯದ ಪಾತ್ರೆಗೆ ಮುಚ್ಚಳ ಹಾಕುತ್ತ, ಸೊಸೆಯ ಕಡೆ ತಿರುಗದೆಯೇ ಮಾತಾಡಿದಳು.

“ಆ ಬೇಕರಿಯವರಿಗೆ ಹೇಳು. ಉತ್ತತ್ತಿ ಇನ್ನಾ ಸಣ್ಣಗ ಕುಟ್ಟಲಿ, ಹಲ್ಲಿಗೆ ಸಿಗತಾವು. ಬೇಕಾದ್ರ ನನ್ನ ಕಲ್ಲು ತಗೊಳ್ಳಲಿ, ಅಡ್ಡಿಯಿಲ್ಲ.”

“ಅತ್ತಿ, ಹಂಗಾರ ನಿಮಗ ಗೊತ್ತೈತಿ.”

“ನನಗೇನೂ ಗೊತ್ತಿಲ್ಲ. ಬೇಕರಿದು ಅಂತ ಈಶಪ್ಪ ಹೇಳ್ಯಾನ. ಅಷ್ಟ.”

“ಮತ್ತ ಮಾವಗ ಎಡಿಗೆ ಇಟ್ರಲ್ರೀ?”

“ಅವರಿಗೂ ಬೇಕರಿದ ಇಟ್ಟೀನಿ.”

ಈ ಸುದ್ದಿ ಕೇಳಿ ಈಶಪ್ಪ ಕುಣಿದಾಡುವುದೊಂದು ಬಾಕಿ. “ನೋಡಿದ್ಯಾ? ಅವ್ವ ಒಪ್ಪಿದ್ಲು! ಅಕಿ ಕಲ್ಲು ನನಗೂ ಮುಟ್ಟಾಕ ಕೊಡೂದಿಲ್ಲ, ನಿನಗ ಕೊಟ್ಟಾಳ. ಇನ್ನೇನು ಬೇಕು ನಿನಗ?”

“ನನಗ ಕೊಟ್ಟಿಲ್ಲ. ಬೇಕರಿಗೆ ಕೊಟ್ಟಾಳ.”

ಇದು ಅವನಿಗೆ ಅರ್ಥವಾಗಲಿಲ್ಲ. ಅವನಿಗೆ ಅರ್ಥ ಮಾಡಿಸುವ ಶಕ್ತಿಯೂ ಅವಳಿಗಿರಲಿಲ್ಲ. ಅತ್ತೆ ಗೊತ್ತಿಲ್ಲದೆ ತಿಂದಿದ್ದರೆ ಮೋಸ ಮಾಡಿದೆವೆಂಬ ಅಳುಕಾದರೂ ಇರುತ್ತಿತ್ತು, ಗೊತ್ತಾದ ದಿನ ಏನಾಗುವುದೋ ಎಂಬ ಆಸೆಯಾದರೂ ಇರುತ್ತಿತ್ತು. ಗೊತ್ತಿದ್ದೂ ತಿಂದಳು, ಗೊತ್ತಿದ್ದೂ ಸತ್ತ ಗಂಡನಿಗೆ ಇಟ್ಟಳು, ಆದರೆ ಎದುರಿಗೆ ನಿಂತವಳ ಹೆಸರು ಹೇಳಲು ಮಾತ್ರ ನಾಲಿಗೆ ಏಳಲಿಲ್ಲ. ಮನೆಯಲ್ಲಿ ಇಬ್ಬರಿದ್ದೂ ಇಷ್ಟು ಒಂಟಿಯಾಗಿ ಹುಲಿಗೆಮ್ಮ ಎಂದೂ ಇದ್ದಿರಲಿಲ್ಲ.

ಮುಂದಿನ ಶುಕ್ರವಾರ ಮೇಲಿನಿಂದ ಸದ್ದು ಬರಲಿಲ್ಲ. ಶನಿವಾರ ಐದಕ್ಕೆ ಬಸಕ್ಕ ಚಹಾ ಕಾಯಿಸಿಕೊಂಡು ಹೊಸ್ತಿಲ ಮೇಲೆ ಕುಳಿತಳು. ಈಶಪ್ಪ ಬರಿಗೈಯಲ್ಲಿ ಬಂದು, ಯಾರ ಮುಖವನ್ನೂ ನೋಡದೆ ಬಚ್ಚಲಿಗೆ ನಡೆದ.

“ಡಬ್ಬಿ?” ಎಂದಳು ಬಸಕ್ಕ.

ಉತ್ತರ ಅಡುಗೆಮನೆಯಿಂದ ಬಂತು. “ಬೇಕರಿ ಮುಚ್ಚೈತ್ರಿ, ಅತ್ತಿ.”

ಬಸಕ್ಕನ ಲೋಟ ತುಟಿಯ ಹತ್ತಿರವೇ ನಿಂತಿತು. ಆಮೇಲೆ ಅವಳು ಬರೀ ಚಹಾ ಕುಡಿದಳು.

ಆರು ವಾರ ಹಾಗೇ ಹೋದವು. ತುಮಕೂರು ರಸ್ತೆಯಲ್ಲಿ ಮೇಲ್ಸೇತುವೆಯ ಕಂಬಗಳು ಏಳುತ್ತಿದ್ದ ವರ್ಷ ಅದು. ಕಟ್ಟಡದ ಒಂಬತ್ತು ಮನೆಗಳಲ್ಲೂ ಒರೆಸಿದಷ್ಟೂ ಧೂಳು. ಬಸಕ್ಕ ಮತ್ತೆ ಮೂಲೆಯ ಬೇಕರಿಗೆ ಹೋಗತೊಡಗಿದಳು, ಆದರೆ ಅರ್ಧ ತಿಂದು ಉಳಿದರ್ಧವನ್ನು ಕಾಗೆಗೆ ಹಾಕುತ್ತಿದ್ದಳು. ಅಂಟಿನುಂಡೆಯ ಕಥೆಗಳು ನಿಂತುಹೋದವು. ಹುಲಿಗೆಮ್ಮನಿಗೆ ಎಂಟು ತುಂಬಿತು. ಬಗ್ಗಿ ಸಿಲಿಂಡರಿನ ಪಕ್ಕ ಕೂರಲಾಗದೆ ನಿಂತೇ ಉಣ್ಣುತ್ತಿದ್ದಳು. ಎಷ್ಟೋ ಸಲ ಅವಳಿಗೆ ಸಾಕೆನ್ನಿಸಿತು. ಬೇಕರಿಯಾದರೆ ಏನಾಯಿತು, ಸಂಜೆಗೆ ಒಂದು ಮಾತಾದರೂ ಇರುತ್ತಿತ್ತಲ್ಲ ಎಂದುಕೊಳ್ಳುವಳು. ಹಾಗೆಂದುಕೊಂಡು ಉತ್ತತ್ತಿಯ ಪೊಟ್ಟಣಕ್ಕೆ ಕೈಹಾಕಿ, ಮತ್ತೆ ಇಟ್ಟುಬಿಡುವಳು.

ಡಿಸೆಂಬರಿನಲ್ಲಿ ಈಶಪ್ಪ ಹೇಳಿದ. “ಈ ಹಂಗಾಮಿನ ಕಡೀ ಒಲಿ ಶನಿವಾರ ಕಾಯಸ್ತೀವಿ. ಕ್ರಿಸ್ಮಸ್ ಮುಂಚೆ ಹೋಗಬೇಕು. ಮುನಿಯಣ್ಣ ಕೇಳಾಕತ್ತಾನ, ನಿನ್ನ ಹೆಂಡ್ತಿ ದಿಲ್‌ಪಸಂದ್ ಎಲ್ಲೋ ಅಂತ. ಹೋದ ಸಲ ಗೆಣಸು ಹಸೀ ಉಳೀತಂತ.”

ಹುಲಿಗೆಮ್ಮ ನಕ್ಕಳು. ಬಹಳ ದಿನದ ಮೇಲೆ ನಕ್ಕಳು. ಯಾರೋ ಒಬ್ಬರು ಅದನ್ನು ‘ನಿನ್ನ ಹೆಂಡತಿಯ ದಿಲ್‌ಪಸಂದ್’ ಅಂದಿದ್ದರು.

ಈ ಸಲ ಅವಳು ಶುಕ್ರವಾರ ಮಧ್ಯಾಹ್ನ ಕಾಯಲಿಲ್ಲ, ಬೆಳಿಗ್ಗೆಯೇ ಬಸಕ್ಕನ ಎದುರಿಗೆ ಗೋಣಿ ಹಾಸಿ ಸುತ್ತಿಗೆ ಎತ್ತಿಕೊಂಡಳು. ಹೊಟ್ಟೆ ಅಡ್ಡ ಬಂದು ಏದುಸಿರು ಬಿಡುತ್ತ ಕುಟ್ಟಿದಳು. ಬಸಕ್ಕ ತನ್ನ ಕುಟ್ಟುವ ಕಲ್ಲಿನ ಕಡೆ ಒಮ್ಮೆ, ಸೊಸೆಯ ಕಡೆ ಒಮ್ಮೆ ನೋಡಿದಳು. ಶನಿವಾರ ಸಂಜೆ ಬೇಗ ಬಂದ ಈಶಪ್ಪನಿಗೆ ಮೊದಲೇ ತಾಕೀತಾಗಿತ್ತು. ರಟ್ಟಿನ ಡಬ್ಬಿ ಇಲ್ಲ, ಕೆಂಪು ದಾರ ಇಲ್ಲ. ಅವಳ ತಟ್ಟೆಯಲ್ಲೇ ತಂದುಕೊಟ್ಟು, ಹಾಲು ತರುತ್ತೇನೆಂದು ನೆಪ ಹೇಳಿ ಅವನು ಮತ್ತೆ ಮೆಟ್ಟಿಲಿಳಿದ.

ಹುಲಿಗೆಮ್ಮ ತುಂಡು ಮಾಡಿ ಸ್ಟೀಲಿನ ಡಬ್ಬಿಗೆ ತುಂಬಿ, ಆ ಡಬ್ಬಿಯನ್ನು ಎರಡು ಒಲೆಗಳ ನಡುವಿನ ಆ ಗೇಣು ಜಾಗದಲ್ಲಿ ಇಟ್ಟಳು. “ಅತ್ತಿ, ಇದು ನಾ ಮಾಡಿದ್ದು,” ಎಂದಳು.

ಬಸಕ್ಕ ಕೇಳಿಸದವಳಂತೆ ಸೆರಗು ಹೊದ್ದು ಮೂಲೆಯ ಬೇಕರಿಗೆ ಹೋದಳು. ಪೇಪರಿನ ಪೊಟ್ಟಣ ತಂದು ಹೊಸ್ತಿಲ ಮೇಲೆ ಬಿಚ್ಚಿದಳು. ಹುಲಿಗೆಮ್ಮ ತನ್ನದೊಂದು ತುಂಡು ಹಿಡಿದು ಎದುರು ಗೋಡೆಗೆ ಒರಗಿ ಕುಳಿತಳು. ನಾಲ್ಕು ಮೊಳದ ಅಂತರದಲ್ಲಿ ಇಬ್ಬರೂ ತಮ್ಮ ತಮ್ಮ ದಿಲ್‌ಪಸಂದ್ ತಿನ್ನುತ್ತ ಕುಳಿತರು. ಕೆಳಗೆ ಲಕ್ಷ್ಮಮ್ಮನವರ ಟಿವಿ ಕೂಗುತ್ತಿತ್ತು.

ಬಸಕ್ಕನಿಗೆ ಎರಡನೇ ತುತ್ತು ಇಳಿಯಲಿಲ್ಲ. ಉಳಿದದ್ದನ್ನು ಪೇಪರಿನ ಸಮೇತ ಸೊಸೆಯ ಕಡೆ ಚಾಚಿದಳು.

“ತಗೋ. ತಿನ್ನು.”

“ಒಲ್ಲೆ, ಅತ್ತಿ. ಯಾರು ಮಾಡ್ಯಾರೋ ಏನೋ.”

ಚಾಚಿದ ಕೈ ಅಲ್ಲೇ ನಿಂತಿತು. “ಬೇಕರಿದವ್ವ ಇದು.”

“ಅದಕ್ಕ ಒಲ್ಲೆ ಅಂದೆ. ನೀವು ಮಾಡಿದ್ದು ಏನಾರ ಇದ್ರ ಕೊಡ್ರಿ. ನಿಮ್ಮ ಕೈಯಾಗಿಂದು ತಿಂತೀನಿ.”

ಸಿಟ್ಟಿನಲ್ಲಿ ಆಡಿದ ಮಾತಲ್ಲ ಅದು. ಬಾಯಿಂದ ಹೊರಬಿದ್ದ ಮೇಲೆಯೇ ಹುಲಿಗೆಮ್ಮನಿಗೂ ಹೊಳೆದದ್ದು, ಎರಡು ವರ್ಷದಲ್ಲಿ ಬಸಕ್ಕನೂ ತನ್ನ ಒಲೆಯ ಒಂದು ತುತ್ತನ್ನೂ ಸೊಸೆಗೆ ಕೊಟ್ಟಿರಲಿಲ್ಲ. ಕೊಡಬಾರದೆಂದೇನೂ ಅಲ್ಲ, ಕೊಡಬೇಕೆಂದು ಬಸಕ್ಕನಿಗೆ ಯಾವತ್ತೂ ತೋಚಿರಲಿಲ್ಲ. ಹೋಳಿಗೆ ಕೆಳಗಿನ ಮನೆಗೆ ಇಳಿದುಹೋಗಿತ್ತು, ನಾಲ್ಕು ಹೆಜ್ಜೆ ದಾಟಿ ಸೊಸೆಯ ತಟ್ಟೆಗೆ ಬಂದಿರಲಿಲ್ಲ. ಬಸಕ್ಕನ ಮುಖ ನೋಡಿದರೆ ಅವಳಿಗೂ ಈಗ ಅದೇ ಹೊಳೆದಂತಿತ್ತು.

ಬಸಕ್ಕ ಎದ್ದು ಒಳಗೆ ಹೋದಳು. ಸ್ಟೋವಿಗೆ ಗಾಳಿ ಹೊಡೆಯುವ ಸದ್ದು ಬಂತು. ರವೆ ಹುರಿದ ವಾಸನೆ, ಬೆಲ್ಲ ಕರಗಿದ ವಾಸನೆ ಬಂತು. ಸ್ವಲ್ಪ ಹೊತ್ತಿಗೆ ಒಂದು ಬಟ್ಟಲು ತುಂಬ ಬಿಸಿ ಸಜ್ಜಕ, ಮೇಲೆ ತುಪ್ಪ, ಹುಲಿಗೆಮ್ಮನ ಮುಂದೆ ಇಳಿಯಿತು.

ಹುಲಿಗೆಮ್ಮ ಉಂಡಳು. ಬೇರೊಬ್ಬರು ತನಗಾಗಿ ಮಾಡಿದ ಬಿಸಿ ತುತ್ತು ಅವಳ ಬಾಯಿಗೆ ಬಿದ್ದು ಎಷ್ಟು ಕಾಲವಾಗಿತ್ತೋ. ಅಳು ತಡೆಯಲು ನೋಡಿದಳು, ಆಗಲಿಲ್ಲ. ಮೂಗೊರೆಸಿಕೊಂಡು ಬಟ್ಟಲು ಬಳಿದು ತಿಂದಳು. ಆಮೇಲೆ ಬಟ್ಟಲನ್ನು ತೊಳೆದು ಒರೆಸಿ, ಸ್ಟೀಲಿನ ಡಬ್ಬಿಯಿಂದ ಒಂದು ದಿಲ್‌ಪಸಂದ್ ತೆಗೆದು ಅದರಲ್ಲಿಟ್ಟು, ಕಟ್ಟೆಯ ಮೇಲೆ ಬಸಕ್ಕನ ಸ್ಟೋವಿನ ಪಕ್ಕಕ್ಕೆ ಸರಿಸಿದಳು.

“ಕೊಟ್ಟೋರಿಗೆ ಖಾಲಿ ಬಟ್ಟಲ ಕೊಡಬಾರದಲ್ರಿ, ಅತ್ತಿ,” ಎಂದಳು.

ಬಸಕ್ಕ ಬಟ್ಟಲನ್ನು ನೋಡುತ್ತ ನಿಂತಳು. ಮುಟ್ಟಲೂ ಇಲ್ಲ, ಆಚೆಗೆ ತಳ್ಳಲೂ ಇಲ್ಲ.

ಅಷ್ಟರಲ್ಲಿ ಈಶಪ್ಪ ಹಾಲಿನ ಪೊಟ್ಟಣ ಹಿಡಿದು ಒಳಗೆ ಬಂದ. ಅವ್ವನ ಮುಖ ನೋಡಿದ, ಹೆಂಡತಿಯ ಕೆಂಪು ಕಣ್ಣು ನೋಡಿದ, ಎಂದಿನಂತೆ ಏನೂ ಕೇಳದಿರುವುದೇ ಕ್ಷೇಮವೆಂದುಕೊಂಡ. ಕಟ್ಟೆಯ ಮೇಲಿನ ಬಟ್ಟಲು ಅವನ ಕಣ್ಣಿಗೆ ಬಿತ್ತು. ರೂಢಿಯಂತೆ ಕೈ ಹಾಕಿದ.

ಬಸಕ್ಕ ಅವನ ಕೈಯ ಮೇಲೆ ಫಟ್ಟನೆ ಹೊಡೆದಳು. “ಅದು ನಿಂದಲ್ಲ.”

“ಮತ್ತ ಯಾರದು?”

ಬಸಕ್ಕ ಬಟ್ಟಲನ್ನು ತನ್ನ ಕಡೆಗೆ ಎಳೆದುಕೊಂಡಳು. ಸೊಸೆ ನಿಂತಿದ್ದ ಕಡೆ ಗದ್ದ ಎತ್ತಿ ತೋರಿಸಿದಳು.

“ಹುಲಿಗೆಮ್ಮ ನನಗ ಕೊಟ್ಟಾಳ,” ಎಂದಳು.